ದೊರೆಯ ಹೆಣ್ಣುಮಕ್ಕಳ ಹಾಲು

12 ಆಗಸ್ಟ್ 2024, ಸೋಮವಾರ. ಬೆಳಿಗ್ಗೆ 9.20

ಹಾಲು ಹತ್ತೊಂಬತ್ತು ಲೀಟರ್. ಚೀಸಿಗೆ ಹಾಲು ಹೆಪ್ಪುಗಟ್ಟಿಸುವ ರೆನೆಟ್ ಹಾಕಿದ್ದು 7.40ಕ್ಕೆ. ನಲವತ್ತು ನಿಮಿಷಕ್ಕೆ ಗಡ್ಡೆ ಕಟ್ಟಬೇಕು, ಚಾಕು ಇಟ್ಟರೆ ಸೀಳಿಕೊಂಡು ನಿಲ್ಲಬೇಕು. ನೂರು ನಿಮಿಷ ಆಯಿತು. ಚಾಕು ಗಂಜಿಯೊಳಗೆ ಆಡಿದ ಹಾಗೆ ಆಡುತ್ತಿದೆ. ಒಂದು ವಾರದಲ್ಲಿ ಮೂರನೇ ಸಲ.

ರೆನೆಟ್ ಹೊಸ ಬಾಟಲಿ. ಥರ್ಮಾಮೀಟರ್ ಸರಿ ಇದೆ — ಎರಡು ಇಟ್ಟು ನೋಡಿದೆ. ಪಾತ್ರೆ ಕುದಿನೀರಲ್ಲಿ ತೊಳೆದದ್ದು. ಕೈ ನನ್ನದೇ.

ಹಾಗಾದರೆ ತಪ್ಪು ಹಾಲಿನದು.

ಸಂಜೆ

ಗಂಜಿಯನ್ನೇ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದೆ. ಎರಡೂವರೆ ಕೆಜಿ ಚೀಸ್ ಬರಬೇಕಿತ್ತು. ಒಂದು ಕೆಜಿ ನಾನೂರು ಗ್ರಾಂ. ಮಿಕ್ಕದ್ದೆಲ್ಲ ನೀರಿನ ಜೊತೆ ಮೋರಿಗೆ. ತಿಮ್ಮೇಶ್ ಗುಬ್ಬಿಯಿಂದ ಆಫೀಸು ಮುಗಿಸಿ ಬಂದವರು ಷೆಡ್ಡಿಗೆ ಇಣುಕಿದರು. "ಏನೇ ಶಶಿ, ಇವತ್ತೂ ಮುಖ ಹಿಂಗೇನಾ? ಚೀಸ್ ಕಟ್ಲಿಲ್ಲ ಅಂದ್ರೆ ಮಜ್ಜಿಗೆ ಮಾಡಿ ಮಾರು." ಗಂಡನಿಗೆ ಎಲ್ಲಾ ತಮಾಷೆ. ಹದಿನಾರು ವರ್ಷ ತುಮಕೂರಿನ ಡೇರಿ ಲ್ಯಾಬಿನಲ್ಲಿ ಹಾಲು ಟೆಸ್ಟ್ ಮಾಡಿದವಳು ನಾನು. ಆ ಕೆಲಸ ಬಿಟ್ಟು ಊರಿಗೆ ಬಂದು ಮೇಕೆ ಕಟ್ಟಿದೆ. ಆರು ಮನೆಯ ಹೆಂಗಸರನ್ನು ಸೇರಿಸಿದೆ. ನಗುವವರು ನಗಲಿ ಅಂತ ಬಿಟ್ಟಿದ್ದೆ. ಈಗ ನಗುವ ಹಾಗೇ ಆಗಿದೆ.

19 ಆಗಸ್ಟ್

ಬೆಂಗಳೂರಿನ ಹೋಟೆಲಿನವರು ಫೋನ್ ಮಾಡಿದ್ದರು. ಚೀಸ್ ಪುಡಿಪುಡಿ, ಕಟ್ ಮಾಡಿದರೆ ನಿಲ್ಲುವುದಿಲ್ಲ, ವಾಸನೆಯೂ ಜಾಸ್ತಿ ಎಂದರು. ಇನ್ನು ಎರಡು ಬ್ಯಾಚ್ ನೋಡುತ್ತಾರಂತೆ. ಆಮೇಲೆ ನಮಸ್ಕಾರ.

ನಾಲ್ಕು ವರ್ಷದ ಹಿಂದೆ ಇದೇ ಹೋಟೆಲಿನವರಿಗೆ ಮೊದಲ ಚೀಸ್ ಕೊಟ್ಟಿದ್ದು ಆರು ಮನೆಯವರಲ್ಲಿ ಒಬ್ಬರಾದ ಕಲ್ಲಮ್ಮನ ಮೇಕೆ ಹಾಲಿನದು. ನಾಟಿ ಮೇಕೆ ಅಂದರೆ ಮರಿಗೆ ಸಾಲುವಷ್ಟು ಹಾಲು ಕೊಟ್ಟರೆ ಹೆಚ್ಚು. ಕಲ್ಲಮ್ಮನವು ಹಾಗಲ್ಲ, ಹೊತ್ತಿಗೆ ಒಂದು ಲೀಟರ್. ಸಿ.ಎಸ್. ಪುರದ ತವರಿನಿಂದ ಬಳುವಳಿಯಾಗಿ ಒಂದು ಮೇಕೆ ಹೊಡೆದುಕೊಂಡು ಬಂದವರು. ಅದರ ಮಗಳು, ಮೊಮ್ಮಗಳು ಅಂತ ಮೂವತ್ತೈದು ವರ್ಷ ಅದೇ ತಳಿ. ಹಾಲು ಕಡಿಮೆ ಇದ್ದದ್ದನ್ನು ಇಟ್ಟುಕೊಳ್ಳಲೇ ಇಲ್ಲ. ಆ ಹಾಲಿಗೆ ರೆನೆಟ್ ಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ಗಡ್ಡೆ ಇಟ್ಟಿಗೆಯ ಹಾಗೆ ಕಟ್ಟುತ್ತಿತ್ತು.

ಆದರೆ ನನಗೆ ಲೀಟರ್ ಬೇಕಿತ್ತು. ದೊರೆಯನ್ನು ತಂದೆ. ಬಿಳಿ ಸಾನೆನ್ ಹೋತ, ಫಾರಿನ್ ತಳಿ — ಹೆಸರಿಟ್ಟದ್ದು ಕಲ್ಲಮ್ಮನೇ. "ಬೆಳ್ಳಗವ್ನೆ, ಕೆಲ್ಸ ಮಾಡದೆ ತಿಂತಾನೆ, ದೊರೆ ಬುಡವ್ವ." ಆರು ಮನೆಯ ಮೇಕೆಗಳಿಗೂ ಅವನೇ. ನಾಟಿ ಹೋತಗಳನ್ನೆಲ್ಲ ಮಾರಿಸಿದೆ. ಹಾಲು ಕಡಿಮೆ ಇದ್ದ ಹಳೇ ಮೇಕೆಗಳನ್ನೂ ಮಾರಿಸಿದೆ. ದೊರೆಯ ಹೆಣ್ಣುಮಕ್ಕಳು ಎರಡು ಲೀಟರ್, ಮೂರು ಲೀಟರ್ ಕರೆದವು. ಸಿಹಿ ಹಂಚಿದ್ದೆವು.

27 ಆಗಸ್ಟ್

ಎಷ್ಟು ಯೋಚಿಸಿದರೂ ಒಂದೇ ಉತ್ತರ. ಯಾರೋ ನೀರು ಹಾಕುತ್ತಿದ್ದಾರೆ. ಲೀಟರ್ ಲೆಕ್ಕದಲ್ಲಿ ಹಾಲು ತಗೊಂಡರೆ ಆಗುವುದೇ ಇದು. ಡೇರಿಯಲ್ಲಿ ಕಂಡದ್ದಲ್ಲವೇ... ಸೋಮವಾರ ಲ್ಯಾಕ್ಟೋಮೀಟರ್ ಇಡುತ್ತೇನೆ. ಯಾರಿಗೂ ಮೊದಲೇ ಹೇಳುವುದಿಲ್ಲ.

2 ಸೆಪ್ಟೆಂಬರ್, ಸೋಮವಾರ

ಆರು ಮನೆಯವರೆಲ್ಲರ ಎದುರಿಗೇ ಮಾಡಿದೆ. ಮುಚ್ಚುಮರೆ ಏಕೆ? ಜಾರಿಗೆ ಹಾಲು, ಅದರೊಳಗೆ ಲ್ಯಾಕ್ಟೋಮೀಟರ್ — ಗಟ್ಟಿ ಹಾಲಿನಲ್ಲಿ ಮೇಲೆ ತೇಲುತ್ತದೆ, ನೀರು ಹಾಲಿನಲ್ಲಿ ಮುಳುಗುತ್ತದೆ. ಇಪ್ಪತ್ತೆಂಟರ ಮೇಲಿರಬೇಕು. ರೇವಮ್ಮನದು ಇಪ್ಪತ್ತೊಂಬತ್ತು. ಶಭಾಷ್ ಎಂದೆ. ಮಿಕ್ಕವರದು ಇಪ್ಪತ್ತೇಳೂವರೆ, ಇಪ್ಪತ್ತೆಂಟು, ಹೇಗೋ ದಡ ಸೇರಿದರು.

ಕಲ್ಲಮ್ಮನದು ಇಪ್ಪತ್ತಾರು.

ಎರಡು ಸಲ ನೋಡಿದೆ. ಇಪ್ಪತ್ತಾರು. ಅವರ ಹಳೇ ಮೂರು ಮೇಕೆ ಗಬ್ಬ, ಹಾಲು ಬತ್ತಿವೆ. ಈಗ ಕರೆಯುತ್ತಿರುವುದು ದೊರೆಯ ಹೆಣ್ಣುಮಕ್ಕಳು ನಾಲ್ಕು.

"ಅಕ್ಕಾ, ಇದೇನು?" ಎಂದೆ.

"ಏನವ್ವ ಅದು?"

"ಮೀಟರ್ ಸುಳ್ಳು ಹೇಳಲ್ಲ ಅಕ್ಕಾ. ನೀರು ಎಷ್ಟು ಹಾಕಿದ್ದೀರ, ಅದನ್ನಾದರೂ ಹೇಳಿ."

ಕಲ್ಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ನೀರ್ ಹಾಕೋಳಾಗಿದ್ರೆ ಮೂವತ್ತೈದ್ ವರ್ಸದಿಂದ ಹಾಕ್ತಿದ್ದೆ ಕಣೇ ಶಶಿ. ನಲ್ಲಿ ಮನೆ ಮುಂದೇನೇ ಐತೆ." ಆಮೇಲೆ ಕ್ಯಾನಿನ ಹಾಲನ್ನು ಅಲ್ಲೇ ಬಾಗಿಲ ಬಳಿ ಮಣ್ಣಿಗೆ ಸುರಿದರು. ನಾಲ್ಕೂವರೆ ಲೀಟರ್. "ನಾಳೆಯಿಂದ ನನ್ ಹಾಲ್ ಕಾಯ್ಬೇಡಿ ಮೇಡಮ್ಮೋರೇ."

ಶಶಿ ಎಂದು ಕರೆಯುತ್ತಿದ್ದವರು ಮೇಡಮ್ಮೋರೇ ಎಂದರು. ಅನ್ನಲಿ. ತಪ್ಪು ಸಿಕ್ಕಿಬಿದ್ದಾಗ ಎಲ್ಲರೂ ಹಾಗೇ ಹಾರಾಡುತ್ತಾರೆ. ನಿಷ್ಠುರವಾದರೂ ಸರಿ, ಒಂದು ವ್ಯವಸ್ಥೆ ಅಂತ ಇರಬೇಕಲ್ಲ.

20 ಸೆಪ್ಟೆಂಬರ್

ಕಲ್ಲಮ್ಮ ಮೇಕೆಗಳನ್ನೆಲ್ಲ ಮಾರಿದರಂತೆ. ಏಳೂ. ಗಬ್ಬದವನ್ನೂ. ವ್ಯಾಪಾರಿ ಟಾಟಾ ಏಸ್ ತಂದು ಒಂದೇ ಸಲ ತುಂಬಿಕೊಂಡು ಹೋದ ಎಂದು ರೇವಮ್ಮ ಹೇಳಿದಳು. ಕಲ್ಲಮ್ಮ ಈಗ ಕೊಬ್ಬರಿ ಒಡೆಯುವ ಕಡೆ ಕೂಲಿಗೆ ಹೋಗುತ್ತಾರೆ. ಅದರ ಜೊತೆ ಅವರ ಹಳೇ ಕೆಲಸ ಇದ್ದೇ ಇದೆ, ಮಾಂಸಕ್ಕೆ ಕೊಬ್ಬಲಿ ಎಂದು ಗಂಡುಮರಿಗಳ ಬೀಜ ಒಡೆಯುವುದು. ಗಂಡ ಸತ್ತ ಮೇಲೆ ಅವರ ಕಸುಬನ್ನು ಇವರೇ ಹಿಡಿದರು. ಸುತ್ತ ಹತ್ತು ಹಳ್ಳಿಯವರು ಕರೆಯುತ್ತಾರೆ.

ತಪ್ಪು ಮಾಡದವರು ಹೀಗೆ ಮಾರುತ್ತಾರಾ?

— ಈ ಸಾಲು ಬರೆದು ಹೊಡೆದುಹಾಕೋಣ ಅನ್ನಿಸಿತು. ಇರಲಿ.

4 ಅಕ್ಟೋಬರ್

ಕಲ್ಲಮ್ಮನ ಹಾಲು ನಿಂತು ತಿಂಗಳಾಯಿತು. ಚೀಸ್ ಇವತ್ತೂ ಕಟ್ಟಲಿಲ್ಲ.

ಹೋಟೆಲಿನವರು ನಮಸ್ಕಾರ ಹೇಳಿದರು.

22 ಅಕ್ಟೋಬರ್. ಮಧ್ಯಾಹ್ನ

ರೇವಮ್ಮನ ಕ್ಯಾನಿನ ತಳದಲ್ಲಿ ಬಿಳಿ ಗಂಟುಗಳು. ಬೆರಳಲ್ಲಿ ಒತ್ತಿದೆ. ಹಾಲಿನ ಪುಡಿ. ಕರೆದು ಕೇಳಿದೆ. ಒಂದೇ ಮಾತಿಗೆ ಒಪ್ಪಿಕೊಂಡಳು, ಅಳುತ್ತಾ.

"ಯಾಕೆ ರೇವಮ್ಮ? ನಿನ್ನ ಹಾಲೇ ನಂಬರ್ ಒನ್ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆನಲ್ಲ."

"ನಮ್ಮನೇಲ್ ಕರ್ದ ಹಾಲೂ ತೆಳ್ಳಗೇ ಇತ್ತು ಕಣಕ್ಕ. ಹೋದ್ ಬೇಸ್ಗೆಯಿಂದ್ಲೂ. ನೀವ್ ಅಂಗಡೀಲಿ ಯಾರ್ಹತ್ರನೋ ಮೀಟ್ರು ಗೀಟ್ರು ಅಂತಿದ್ರಂತೆ. ನನ್ ಮಗ ಹೇಳ್ದ, ಪುಡಿ ಹಾಕುದ್ರೆ ಮ್ಯಾಲಕ್ ತೇಲ್ತದೆ ಅಂತ. ಆಮೇಲ್ ಕಲ್ಲಮ್ಮಕ್ಕಂಗ್ ಆದದ್ ಕಂಡ್ ಮೇಲೆ... ನಿಲ್ಸಕ್ಕೇ ಭಯ ಆಯ್ತು."

ಕಲ್ಲಮ್ಮ ಪುಡಿ ಹಾಕಲಿಲ್ಲ. ಹಾಕುವುದು ಅವರಿಗೆ ಹೊಳೆಯಲೂ ಇಲ್ಲ. ಇಡೀ ಮಧ್ಯಾಹ್ನ ಇದನ್ನು ಬಿಟ್ಟು ಬೇರೇನೂ ತಲೆಗೆ ಹೋಗಲಿಲ್ಲ.

5 ನವೆಂಬರ್, ಮಂಗಳವಾರ. ಬೆಳಿಗ್ಗೆ 6.50

ನನ್ನದೇ ಮೇಕೆ, ಪುಟ್ಟಗೌರಿ. ದೊರೆಯ ಮಗಳೂ ಹೌದು, ಮೊಮ್ಮಗಳೂ ಹೌದು. ನಾನೇ ಕರೆದೆ. ಪಾತ್ರೆ ಒರೆಸಿ ಒಣಗಿಸಿದ್ದು. ಹಾಲಿಗೆ ನನ್ನ ಕೈ ಬಿಟ್ಟು ಯಾವುದೂ ತಾಗಿಲ್ಲ. ಬಿಸಿ ಆರಲು ಬಿಟ್ಟು ಮೀಟರ್ ಇಟ್ಟೆ.

ಇಪ್ಪತ್ತಾರು.

7 ನವೆಂಬರ್

ಡಾ. ಭಾನುಪ್ರಕಾಶ್ ಬಂದಿದ್ದರು. ತುಮಕೂರಿನ ವೆಟ್ ಡಾಕ್ಟರು, ಮೇಕೆ ಹಾಲಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾರೆ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, ಮೊದಲು ಕೇಳಿದ ಪ್ರಶ್ನೆ: "ಈ ಹೋತನ ಕೇಸಿನ್ ಟೆಸ್ಟ್ ಮಾಡಿಸಿದ್ರಾ ಮೇಡಂ, ತರೋಕ್ ಮುಂಚೆ?"

ಇಲ್ಲ. ತಾಯಿ ಎಷ್ಟು ಲೀಟರ್ ಕರೆಯುತ್ತಿದ್ದಳು ಅಂತ ಕೇಳಿದ್ದೆ. ಅಷ್ಟೇ.

ಹನ್ನೊಂದು ಮೇಕೆ ಮತ್ತು ದೊರೆ, ಎಲ್ಲರ ಕೂದಲನ್ನು ಬುಡಸಮೇತ ಕಿತ್ತು ಕವರಿಗೆ ಹಾಕಿಕೊಂಡು ಹೋದರು. ದೊರೆ ಕಿವಿ ಕೂಡ ಅಲುಗಿಸಲಿಲ್ಲ.

19 ಡಿಸೆಂಬರ್, ಗುರುವಾರ

ರಿಪೋರ್ಟ್ ಬಂತು. ಡಾಕ್ಟರು ಫೋನಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ನನಗೆ ಅರ್ಥವಾದಷ್ಟು ಬರೆದಿಡುತ್ತೇನೆ.

ಹಾಲು ಗಡ್ಡೆ ಕಟ್ಟುವುದು ಕೇಸಿನ್ ಎಂಬ ಪ್ರೋಟೀನಿನಿಂದ. ಅದರಲ್ಲಿ ಒಂದು ಬಗೆ, ಆಲ್ಫಾ ಎಸ್ ಒನ್. ಅದನ್ನು ಎಷ್ಟು ಮಾಡಬೇಕು ಅನ್ನುವುದು ಮೇಕೆಯ ಹುಟ್ಟಿನಲ್ಲೇ ಬರೆದಿರುತ್ತದೆ — ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಎ, ಬಿ ಅನ್ನುವವು ಗಟ್ಟಿ. ಎಫ್ ಅನ್ನುವುದು ತೀರಾ ತೆಳುವು. ನಮ್ಮ ನಾಟಿ ಮೇಕೆಗಳಲ್ಲಿ ಹೆಚ್ಚಾಗಿ ಗಟ್ಟಿಯದೇ ಇರುತ್ತದಂತೆ. ಎಫ್ ಇರುವುದು ಹೊರಗಿನ ತಳಿಗಳಲ್ಲಿ ಜಾಸ್ತಿ.

ದೊರೆ: ಎಫ್, ಎಫ್. ಎರಡೂ.

ಅವನ ಮಕ್ಕಳಿಗೆಲ್ಲ ಒಂದು ಎಫ್ ಗ್ಯಾರಂಟಿ. ಆ ಮಕ್ಕಳಿಗೂ ನಾನು ಅವನನ್ನೇ ಬಿಟ್ಟೆ. ಮಗಳಿಗೂ ಅವನೇ, ಮೊಮ್ಮಗಳಿಗೂ ಅವನೇ. ಹನ್ನೊಂದರಲ್ಲಿ ಏಳಕ್ಕೆ ಎರಡೂ ಎಫ್. ನಾಲ್ಕಕ್ಕೆ ಅರ್ಧ. ಪೂರ್ತಿ ಗಟ್ಟಿಯದು ಒಂದೂ ಇಲ್ಲ.

"ಪ್ರೋಟೀನ್ ಇಷ್ಟು ಕಡಿಮೆ ಆದ್ರೆ ಲ್ಯಾಕ್ಟೋಮೀಟರ್ ರೀಡಿಂಗೂ ಇಳಿಯುತ್ತೆ ಮೇಡಂ. ನೀರು ಹಾಕಿದ ಹಾಗೇ ಕಾಣುತ್ತೆ. ನೀವು ಅದನ್ನ ನೋಡಿ ಮೋಸ ಹೋಗಿಲ್ಲ ತಾನೇ?" ಎಂದರು ಡಾಕ್ಟರು.

ಇಲ್ಲ ಸರ್ ಎಂದೆ.

20 ಡಿಸೆಂಬರ್

ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದವರು ಕಲ್ಲಮ್ಮ ಒಬ್ಬರೇ. ಮಿಕ್ಕವರು ಅಲ್ಲಲ್ಲಿ ಕದ್ದು ಯಾರದೋ ಹೋತನಿಗೆ ಬಿಟ್ಟಿದ್ದರು. ಅದಕ್ಕೇ ಅವರ ಹಾಲು ಇಪ್ಪತ್ತೇಳೂವರೆ. ಕಲ್ಲಮ್ಮ ಮೂರು ಮೈಲಿ ನಡೆಸಿಕೊಂಡು ದೊರೆಯ ಹತ್ತಿರವೇ ತರುತ್ತಿದ್ದರು. ಅದಕ್ಕೇ ಇಪ್ಪತ್ತಾರು.

ತಿಮ್ಮೇಶ್‌ಗೆ ಹೇಳಿದೆ. ಈ ಸಲ ತಮಾಷೆ ಮಾಡಲಿಲ್ಲ. "ಹೋಗಿ ಹೇಳೇ. ಇವತ್ತೇ ಹೋಗು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ನಿಜ. ಆದ್ರೂ ಹೋಗಬೇಕಲ್ಲ."

ಹೋದೆ. ಬಾಗಿಲು ಹಾಕಿತ್ತು. ಕೊಬ್ಬರಿ ಕೆಲಸದಿಂದ ಬಂದಿರಲಿಲ್ಲ. ಬಾಗಿಲು ಹಾಕಿದ್ದು ಕಂಡು ಸಮಾಧಾನವಾಯಿತು. ಅದನ್ನು ಬರೆಯಲೇಬೇಕು. ಸಮಾಧಾನವಾಯಿತು.

11 ಜನವರಿ 2025

ಮತ್ತೆ ಹೋಗಿಲ್ಲ. ಬರಿಗೈಯಲ್ಲಿ ಹೋಗಿ ಏನು ಹೇಳುವುದು? ನಿಮ್ಮ ಹಾಲು ಚೊಕ್ಕವಾಗಿತ್ತು, ನಿಮ್ಮ ಮೂವತ್ತೈದು ವರ್ಷದ ತಳಿಯನ್ನು ನಾನು ಕಸಾಯಿಖಾನೆಗೆ ಹತ್ತಿಸಿದೆ, ಸಾರಿ?

ಡಾಕ್ಟರು ಹೇಳಿದ್ದು: ಗಟ್ಟಿ ಕೇಸಿನ್ ಇರುವ ನಾಟಿ ಹೋತ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಹಾಲು ಕರೆಯುವ ತಳಿ ಸಿಗುವುದಿಲ್ಲ. ಚೀಸಿಗೆ ಎರಡೂ ಬೇಕು. ಹಾಲೂ ಇದ್ದು ಗಟ್ಟಿಯೂ ಇರುವುದನ್ನು ಮೊದಲಿಂದ ಕಟ್ಟಲು ಹತ್ತು ಹನ್ನೆರಡು ವರ್ಷ. ನನಗೆ ನಲವತ್ತೇಳು. ಆರು ಮನೆಯವರಲ್ಲಿ ಇಬ್ಬರು ಆಗಲೇ ಬಿಟ್ಟುಹೋದರು.

ವ್ಯಾಪಾರಿಯ ನಂಬರ್ ಹುಡುಕಿ ಕೇಳಿದೆ. ನಕ್ಕ. "ಸೆಪ್ಟೆಂಬರ್ ಮಾಲು ಈಗ ಎಲ್ಲಿರ್ತದಮ್ಮ?"

26 ಜನವರಿ, ಭಾನುವಾರ

ರೇವಮ್ಮ ಮಾತಿಗೆ ಹೇಳಿದಳು — ಕಲ್ಲಮ್ಮ ಮಗಳು ಪಲ್ಲವಿಯ ಮದುವೆಯಲ್ಲಿ ಒಂದು ಮೇಕೆ ಬಳುವಳಿ ಕೊಟ್ಟಿದ್ದರಲ್ಲ, ಕೆಂಪಿ ಅಂತ. ಕುಣಿಗಲ್ ತಾಲೂಕು, ಯಡಿಯೂರಿನ ಹತ್ತಿರ. ನನಗೆ ಮರೆತೇಹೋಗಿತ್ತು! ದೊರೆ ಬರುವುದಕ್ಕೆ ಮುಂಚೆ ಹೋದದ್ದು ಅದು.

ಪಲ್ಲವಿಗೆ ಫೋನ್ ಮಾಡಿದೆ. ಕೆಂಪಿ ಇಲ್ಲ. ದೀಪಾವಳಿಯಲ್ಲಿ ಮರಿ ಹಾಕಿ ಎರಡೇ ದಿನಕ್ಕೆ ಸತ್ತಿತಂತೆ. ಆಮೇಲೆ ಅವಳೇ, "ಒಂದ್ ಗಂಡ್ ಮರಿ ಐತೆ ಅಕ್ಕ. ಬಾಟ್ಲಿ ಹಾಲಲ್ಲಿ ಬೆಳ್ಸಿದೀವಿ. ಚೆನ್ನಾಗವ್ನೆ" ಎಂದಳು.

ಗಂಡು! ಹೆಣ್ಣಾಗಿದ್ದರೆ ಒಂದು ಮನೆಗಾಗುತ್ತಿತ್ತು. ಗಂಡಾದರೆ ಎಲ್ಲ ಮನೆಗೂ. ದೊರೆ ಕೆಡಿಸಿದ ದಾರಿಯಲ್ಲೇ ಇವನು ಸರಿ ಮಾಡಬಲ್ಲ. ಮೂರೇ ವರ್ಷ ಸಾಕು.

"ಯಾರಿಗೂ ಕೊಡಬೇಡ ಪಲ್ಲವಿ. ನಾನೇ ತಗೊಳ್ತೀನಿ. ಒಳ್ಳೇ ರೇಟು ಕೊಡ್ತೀನಿ. ಚೆನ್ನಾಗಿ ಮೇಯಿಸಿ ಇಟ್ಟಿರು."

"ಏನಕ್ಕಕ್ಕ?"

ಹೇಳಬಹುದಿತ್ತು. ತಳಿಗೆ ಎಂದರೆ ಯಾಕೆ ಎಂದು ಕೇಳುತ್ತಾಳೆ, ಅವ್ವನಿಗೆ ಫೋನ್ ಮಾಡುತ್ತಾಳೆ, ಹಾಲಿನ ವಿಷಯ ಫೋನಿನಲ್ಲಿ ಮೂರನೆಯವರ ಬಾಯಿಂದ ಕಲ್ಲಮ್ಮನಿಗೆ ಹೋಗುತ್ತದೆ. ಅದು ಬೇಡ. ಮರಿಯನ್ನು ಹಿಡಿದುಕೊಂಡು ಅವರ ಬಾಗಿಲಿಗೆ ನಾನೇ ಹೋಗಿ, ನಾನೇ ಹೇಳಬೇಕು. "ಬೇಕಿತ್ತು ಕಣೇ, ಬಂದು ಹೇಳ್ತೀನಿ" ಎಂದೆ.

28 ಜನವರಿ

ಡಾಕ್ಟರು ಈಗಲೇ ಹೋಗಬೇಡಿ ಎಂದರು. ಆ ಕಡೆ ಮೇಕೆಗಳಿಗೆ ಕಾಯಿಲೆ ಇದೆ, ಎರಡು ಮೂರು ವಾರ ಬಿಟ್ಟು ತನ್ನಿ. ಆಗಲಿ. ಅಷ್ಟರಲ್ಲಿ ಮೂಲೆಯ ಕೊಟ್ಟಿಗೆ ರಿಪೇರಿ ಮಾಡಿಸುತ್ತೇನೆ. ದೊರೆಯನ್ನು ಮಾರಿದೆ. ತಳಿಗಲ್ಲ ಎಂದು ಎದುರಿಗೆ ನಿಂತು ಹೇಳಿಯೇ ಕೊಟ್ಟೆ.

ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಸೇರಿತು.

16 ಫೆಬ್ರವರಿ, ಭಾನುವಾರ. ಸಂಜೆ 7

ಇದನ್ನು ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ಬೇರೆ ಥರ ನೆನಪು ಮಾಡಿಕೊಳ್ಳುತ್ತೇನೆ.

ಹನ್ನೊಂದಕ್ಕೆ ಪಲ್ಲವಿಯ ಮನೆ ತಲುಪಿದೆವು. ತಿಮ್ಮೇಶ್ ಗೂಡ್ಸ್ ಆಟೋ ಮಾಡಿಸಿದ್ದರು. ಪಲ್ಲವಿ ನೀರು ಕೊಟ್ಟಳು. ಹಿತ್ತಲಿಗೆ ಹೋದರೆ ಹುಣಸೇಮರದ ಕೆಳಗೆ ಮರಿ. ಕೆಂಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ಉದ್ದ ಕಿವಿ, ಅಗಲ ಎದೆ. ಅದರ ಪಕ್ಕ ಮಣೆ ಹಾಕಿಕೊಂಡು ಕೂತಿದ್ದವರು ಕಲ್ಲಮ್ಮ.

"ಬಾರವ್ವ," ಎಂದರು. ಮೇಡಮ್ಮೋರೇ ಅನ್ನಲಿಲ್ಲ. ಮರಿಯ ಹಿಂಗಾಲು ಸವರುತ್ತಿದ್ದರು. ಮರಿ ಸ್ವಲ್ಪ ಕುಂಟುತ್ತಿತ್ತು.

"ಕಾಲಿಗೆ ಏನಾಯ್ತು?" ಎಂದೆ.

ಪಲ್ಲವಿ ನಕ್ಕಳು. "ಏನೂ ಆಗಿಲ್ಲ ಅಕ್ಕ. ನೀವು ಒಳ್ಳೇ ರೇಟು ಕೊಡ್ತೀನಿ, ಚೆನ್ನಾಗ್ ಮೇಯ್ಸು ಅಂದ್ರಲ್ಲ. ಮಾಂಸುಕ್ಕೇ ಇರ್ಬೇಕು ಅಂತ ಅವ್ವನ್ನೇ ಕರ್ಸಿ ಬೀಜ ಒಡ್ಸುದ್ವಿ. ಇನ್ ನೋಡಿ, ಹೆಂಗ್ ಕೊಬ್ತಾನೆ."

ಯಾವತ್ತು ಎಂದು ಕೇಳಿದೆ. ಗುರುವಾರ. ಮೂರು ದಿನದ ಹಿಂದೆ.

ಕಲ್ಲಮ್ಮ ಮರಿಯನ್ನು ತಿರುಗಿಸಿ ತೋರಿಸಿದರು. "ನೋಡು, ಒಂದ್ ತೊಟ್ ರಕ್ತ ಇಲ್ಲ, ಬಾವು ಇಲ್ಲ. ನೀನ್ ತಗೊಳ್ತೀಯ ಅಂತ ಗೊತ್ತಾಯ್ತು, ಅದುಕ್ಕೇ ನಾನೇ ಬಂದೆ. ಬ್ಯಾರೇರ್ ಕೈಗ್ ಕೊಟ್ರೆ ಅರೆಬರೆ ಮಾಡ್ ಬುಡ್ತಾರೆ. ನಿನ್ ಮೇಲ್ ಕೋಪ ಇಲ್ಲ ಅಂತಲ್ಲ ಕಣವ್ವ. ಐತೆ. ಆದ್ರೆ ಕೆಲ್ಸುದ್ ಮೇಲ್ ಕೋಪ ತೋರುಸ್ಬಾರ್ದು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ತಾಯಿ ಮಗಳು ಇಬ್ಬರೂ ಗಾಬರಿಯಾದರು. ಆಗಲೇ ಹೇಳಿದೆ — ಹಾಲಿನ ವಿಷಯ. ನೀರಿರಲಿಲ್ಲ, ಹೋತನ ದೋಷ, ಟೆಸ್ಟ್ ಮಾಡಿಸಿದೆ, ನನ್ನ ಮೇಕೆ ಹಾಲೂ ಇಪ್ಪತ್ತಾರು, ನನ್ನದು ತಪ್ಪು, ಎಲ್ಲರೆದುರಿಗೆ ಅಂದದ್ದು ತಪ್ಪು. ಕಾಲು ಮುಟ್ಟಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ ಹಾಲಲ್ ನೀರಿಲ್ಲ ಅಂತ ನಂಗೊತ್ತಿಲ್ವಾ ಶಶಿ? ಗೊತ್ತಿಲ್ದೋರು ಊರೊಳ್ಗವ್ರೆ. ಅವ್ರುಗ್ ಹೇಳು."

"ಹೇಳ್ತೀನಿ ಅಕ್ಕಾ. ಎಲ್ಲರನ್ನೂ ಕೂರಿಸಿ ಹೇಳ್ತೀನಿ."

"ಹೂಂ. ಏಳು. ಅದುಕ್ ಇಷ್ಟ್ಯಾಕ್ ಅಳ್ತೀಯ? ಆದದ್ ಆಯ್ತು."

ಅದಕ್ಕೇ ಅಳುತ್ತಿದ್ದೇನೆ ಎಂದುಕೊಂಡರು. ನಾನೂ ಹಾಗೇ ಇರಲಿ ಎಂದು ಬಿಟ್ಟೆ.

ಮರಿಯನ್ನು ಬೇಡ ಅನ್ನುವುದು ಹೇಗೆ? ದುಡ್ಡು ಕೊಟ್ಟು ತಂದೆ. ಕಲ್ಲಮ್ಮನೇ ಎತ್ತಿ ಆಟೋದಲ್ಲಿ ಹುಲ್ಲು ಹಾಸಿ ಮಲಗಿಸಿದರು. "ವರ್ಸ ಸಾಕು. ಮೂವತ್ ಕೆಜಿ ತೂಗ್ತಾನೆ." ಗುಬ್ಬಿ ದಾಟಿದ ಮೇಲೆ ತಿಮ್ಮೇಶ್, "ಫೋನಲ್ಲೇ ಒಂದ್ ಮಾತು ಹೇಳಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು.

ಗೊತ್ತು. ಅಷ್ಟೇ ಸಾಕಿತ್ತು.

18 ಫೆಬ್ರವರಿ

ಡಾಕ್ಟರನ್ನು ಕೇಳಿದೆ. ಏನಾದರೂ ದಾರಿ ಇದೆಯಾ, ವಾಸಿ ಆಗುತ್ತದಾ, ಒಂದು ಸಲವಾದರೂ. ಇಲ್ಲ ಮೇಡಂ. ಕೆಲಸ ನೀಟಾಗಿ ಮಾಡಿದ್ದಾರೆ. ಅರೆಬರೆ ಮಾಡಿದ್ದರೆ ನೋಡಬಹುದಿತ್ತು.

ಮರಿಯ ಕೂದಲು ಕಿತ್ತು ಅವರ ಕೈಗೆ ಕೊಟ್ಟೆ. ಯಾಕೆ ಎಂದರು. ಸುಮ್ಮನೆ ಎಂದೆ. ನೋಯುವ ಹಲ್ಲನ್ನೇ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವ ಚಟ.

4 ಮಾರ್ಚ್

ರಿಪೋರ್ಟ್. ಒಂದು ಎ, ಒಂದು ಬಿ. ಎರಡೂ ಗಟ್ಟಿ. ಮೊಬೈಲ್ ಆಫ್ ಮಾಡಿ ಇಟ್ಟೆ.

ಹೊಟ್ಟೆಬಾಕ. ಸೊಪ್ಪು ಕಂಡರೆ ಓಡಿ ಬರುತ್ತಾನೆ. ಕುಂಟು ಹೋಯಿತು. ಅವನನ್ನು ನೋಡಿದರೆ ಸಿಟ್ಟು ಬರುತ್ತದೆ, ಆಮೇಲೆ ಪಾಪ ಅನ್ನಿಸುತ್ತದೆ. ಹೆಸರಿಟ್ಟಿಲ್ಲ.

ಮಿಕ್ಕ ಮೇಕೆಗಳನ್ನು ಏನು ಮಾಡುವುದು ಎಂದು ತಿಮ್ಮೇಶ್ ಕೇಳಿದರು. ಹಾಲು ಕಾಫಿಗೆ ಆಗುತ್ತದಲ್ಲ ಎಂದೆ. ಚೀಸಿನ ಅಚ್ಚುಗಳನ್ನು ತೊಳೆದು ಗೋಣಿಚೀಲದಲ್ಲಿ ಕಟ್ಟಿದೆ.

ಭಾನುವಾರ ಮೀಟಿಂಗ್. ರೇವಮ್ಮ ಎಲ್ಲರಿಗೂ ಹೇಳಿಬಂದಿದ್ದಾಳೆ. ಕಲ್ಲಮ್ಮನೂ ಬರುತ್ತಾರಂತೆ. ಹಾಲಿನ ಮಾತಷ್ಟೇ ಹೇಳುತ್ತೇನೆ. ಮರಿಯ ವಿಷಯ ಅವರಿಗೆ ಗೊತ್ತಾಗಬಾರದು. ಅವರ ತವರಿನ ಕೊನೆಯ ಕುಡಿಯನ್ನು ಅವರ ಕೈಯಲ್ಲೇ... ಇದೊಂದನ್ನಾದರೂ ಅವರಿಗೆ ತಲುಪದ ಹಾಗೆ ನಾನು ತಡೆಯಬಲ್ಲೆ. ಮಾಂಸಕ್ಕೆ ತಂದೆ. ಅಷ್ಟೇ. ತಿಮ್ಮೇಶ್‌ಗೂ ಹೇಳಿದ್ದೇನೆ.

9 ಮಾರ್ಚ್, ಭಾನುವಾರ. ಮಧ್ಯಾಹ್ನ 2.30

ಎಲ್ಲರೂ ಬಂದರು. ಬಿಟ್ಟುಹೋಗಿದ್ದ ಇಬ್ಬರೂ ಬಂದರು. ಕಲ್ಲಮ್ಮ ಒಗೆದ ಸೀರೆ ಉಟ್ಟು, ಹೂ ಮುಡಿದು, ಮುಂದಿನ ಸಾಲಿನಲ್ಲಿ ಕೂತರು. ಮದುವೆಗೆ ಬಂದ ಹಾಗೆ.

ಎದ್ದು ನಿಂತು ಹೇಳಿದೆ. ಕಲ್ಲಮ್ಮಕ್ಕನ ಹಾಲಿನಲ್ಲಿ ಒಂದು ತೊಟ್ಟೂ ನೀರಿರಲಿಲ್ಲ. ಸುಳ್ಳು ಹೇಳಿದವಳು ನಾನು. ಯಾರೋ "ಅಯ್ಯೋ" ಎಂದರು. ರೇವಮ್ಮ ತಾನೇ ಎದ್ದು ಪುಡಿಯ ವಿಷಯ ಹೇಳಿದಳು, ನಾನು ಕೇಳದೇ ಇದ್ದರೂ. ಕಲ್ಲಮ್ಮ ಎಲ್ಲರ ಕಡೆ ಒಂದು ಸಲ ತಿರುಗಿ ನೋಡಿದರು. ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಅವರ ಮುಖ ನೋಡಿ ನನಗೂ ಸ್ವಲ್ಪ ಜೀವ ಬಂತು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಹಿಂದಿನಿಂದ ಯಾರೋ ಕೇಳಿದರು, "ಒಂದ್ ಹೋತದಿಂದ ಆರ್ ಮನೆ ಹಾಲು ಹೆಂಗ್ ಕೆಡ್ತದೆ ಮೇಡಂ?"

ನನಗೆ ವಿವರಿಸುವ ಚಪಲ. ಹದಿನಾರು ವರ್ಷದ ಲ್ಯಾಬಿನ ಚಪಲ. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹೆಣ್ಣು ಮೇಕೆ ವರ್ಷಕ್ಕೆ ಎರಡು ಮರಿ ಹಾಕಿದರೆ ಹೆಚ್ಚು, ಹೋತ ಊರಿನ ಎಲ್ಲ ಮರಿಗೂ ಅಪ್ಪ. ಅವನೊಳಗಿರುವುದು ಎಲ್ಲ ಮನೆಗೂ ಹೋಗುತ್ತದೆ. ತಾಯಂದಿರು ಗಟ್ಟಿ ಇದ್ದರೂ ಮೂರು ತಲೆಮಾರಿಗೆ ಅವನದೇ ನಿಲ್ಲುತ್ತದೆ.

ಕಲ್ಲಮ್ಮ ಬಹಳ ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಬೋರ್ಡ್ ನೋಡುತ್ತಾ ನಿಧಾನವಾಗಿ ಹೇಳಿದರು.

"ಅಂಗಾರೆ ಒಳ್ಳೇ ಹೋತ ಒಂದೇ ಒಂದ್ ಸಿಕ್ಕುದ್ರೆ, ಕೆಟ್ಟಿರದೂ ಅಂಗೇ ಸರಿ ಹೋಗ್ತದೆ ಅನ್ನು."

"ಹೌದು ಅಕ್ಕಾ," ಎಂದೆ. ಬಾಯಿಂದ ಬಂದೇಬಿಟ್ಟಿತು.

"ನನ್ ತೌರ್ ತಳೀದು ಗಟ್ಟೀದಾ?"

"ಹೌದು."

ಎಲೆ ಅಡಿಕೆ ಜಗಿಯುವುದು ನಿಂತಿತು. ಷೆಡ್ಡಿನ ಆಚೆ ಮರಿ ಕೂಗುತ್ತಿತ್ತು, ಸೊಪ್ಪಿನ ಹೊತ್ತು ಮೀರಿದ್ದಕ್ಕೆ. ಕಲ್ಲಮ್ಮ ಆ ಕಡೆ ತಿರುಗಿದರು. ಆಮೇಲೆ ನನ್ನ ಕಡೆ.

"ಅವತ್ ಯಡ್ಯೂರಲ್ ನೀನ್ ಅತ್ತಿದ್ದು ಹಾಲ್ಗಲ್ಲ ಅಲ್ವಾ ಶಶಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಾರಿಗೂ ಏನೂ ಅರ್ಥವಾಗಿರಲಿಲ್ಲ. ನಮ್ಮಿಬ್ಬರಿಗೆ ಮಾತ್ರ. ಕಲ್ಲಮ್ಮ ಮಡಿಲಲ್ಲಿದ್ದ ತಮ್ಮ ಎರಡೂ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡರು.

ನಾನು ಹೇಳಿದ್ದು —